ಹಿತ್ತಾಳೆಯ ನಾಲ್ಕು ಪಟ್ಟಿಗಳು

ಹಿತ್ತಾಳೆಯ ನಾಲ್ಕು ಪಟ್ಟಿಗಳು. ಒಂದೊಂದೂ ಬೆರಳಿನ ಎರಡು ಗೆಣ್ಣಿನಷ್ಟು ಉದ್ದ. ಎರಡರ ತುದಿಗೆ ಕೆಂಪು ನೇಲ್ ಪಾಲಿಶ್. ಬಣ್ಣ ಹಚ್ಚಿದವರು ನಜರ್‌ಬಾದ್‌ನ ಆಂಪ್ಲಿಫೈಯರ್ ಮೆಕ್ಯಾನಿಕ್ ಬಸವರಾಜಣ್ಣ. ಪ್ಲಸ್ ಯಾವುದೆಂದು ಗುರುತು ಮಾಡಲು ಅವರ ಜೇಬಿನಲ್ಲಿ ಸದಾ ಮಗಳ ಆ ಶೀಶೆ ಇರುತ್ತಿತ್ತು. ರಿಪೇರಿಗೆ ಬಂದ ಯಾವ ಪೆಟ್ಟಿಗೆಯನ್ನೂ ಅವರು ಎದುರಿನಿಂದ ನೋಡುತ್ತಿರಲಿಲ್ಲ. ಮೊದಲು ತಿರುಗಿಸಿ ಬೆನ್ನು ನೋಡುವುದು, ಮೂಸುವುದು. ಮಾತು ಆಮೇಲೆ.

ಕೃಷ್ಣಮೂರ್ತಿಪುರಂನ ನಮ್ಮ ಮನೆಯಲ್ಲಿ ಅಮ್ಮ ವೀಣೆ ಕಲಿಸುತ್ತಿದ್ದಳು. ಎಷ್ಟು ಕರೆದರೂ ನಾನು ಕಲಿತವಳಲ್ಲ. ಬೆರಳುನೋವು ಶುರುವಾದ ಮೇಲೆ ಅವಳು ವೀಣೆಗೆ ಬಟ್ಟೆ ಹೊದಿಸಿ ಪಾಠವನ್ನೂ ಬಿಟ್ಟಳು. ಅವಳ ಕಛೇರಿಯದೆಂದು ಉಳಿದದ್ದು ಒಂದೇ ಕ್ಯಾಸೆಟ್. ಹಾಕಿದರೆ, "ಇದು ನನ್ನ ಕೈಯಲ್ಲ, ಆರಿಸೆ" ಎನ್ನುತ್ತಿದ್ದಳು. ನಿಜ, ಮಂದ್ರದ ತಂತಿ ಮೀಟಿದಾಗಲೆಲ್ಲ ಮೇಲಿನ ದನಿ ಮಸುಕಾಗುತ್ತಿತ್ತು. ಅವಳ ಕೈ ಅವಳಿಗೆ ಕೇಳಿಸಲೇಬೇಕೆಂದು ನನಗೆ ಹಟ ಹತ್ತಿತು.

ಭೌತಶಾಸ್ತ್ರದ ಎಂ.ಎಸ್ಸಿ. ನನ್ನದು. ಮನೆಯಲ್ಲಿದ್ದ ಮಾದರಿಯದೇ ಇನ್ನೊಂದು ಆಂಪ್ಲಿಫೈಯರ್ ತಂದೆ. ಪ್ರತಿ ಸ್ಪೀಕರಿಗೆ ಒಂದು ಆಂಪ್ಲಿಫೈಯರ್. ಅದರಿಂದ ಹೊರಡುವ ಎರಡು ಚಾನಲ್‌ಗಳಲ್ಲಿ ಒಂದು ಕೆಳಗಿನ ದನಿಗೆ, ಇನ್ನೊಂದು ಮೇಲಿನ ದನಿಗೆ; ಒಂದು ಇನ್ನೊಂದನ್ನು ಮುಚ್ಚಬಾರದೆಂದು. ಚಿತ್ರ ಬರೆದುಕೊಂಡು ಜೋಡಿಸಿದೆ. ಸ್ವಲ್ಪ ಹೊತ್ತಿಗೇ ಸುಟ್ಟ ವಾಸನೆ ಬಂತು.

ಆಟೋದಲ್ಲಿ ಎಲ್ಲವನ್ನೂ ಹೇರಿಕೊಂಡು ನಜರ್‌ಬಾದ್‌ನ ಅಂಗಡಿಗೆ ಹೋದೆ. ಬಸವರಾಜಣ್ಣ ಸ್ಪೀಕರ್ ತಿರುಗಿಸಿದರು. ವೈರು ಸಿಕ್ಕಿಸುವ ಮೇಲಿನ ಮತ್ತು ಕೆಳಗಿನ ಟರ್ಮಿನಲ್‌ಗಳನ್ನು ಸೇರಿಸುವ ಈ ಹಿತ್ತಾಳೆ ಪಟ್ಟಿಗಳು ಬಿಚ್ಚದೆ ಹಾಗೇ ಇದ್ದವು. ಎರಡು ಚಾನಲ್‌ಗಳನ್ನು ನಾನೇ ಜಗಳಕ್ಕೆ ಬಿಟ್ಟಿದ್ದೆ.

"ಓದಿರೋರು ಡ್ರಾಯಿಂಗ್ ನೋಡ್ತೀರ, ಪೆಟ್ಟಿಗೆ ಬೆನ್ನು ನೋಡಲ್ಲ," ಎಂದರು. "ಇಬ್ರಿಗೂ ಬೇರೆ ಬೇರೆ ಕೆಲ್ಸ ಕೊಟ್ಬುಟ್ಟು, ಇಬ್ರ ಕೈನೂ ಒಂದೇ ಹಗ್ಗದಲ್ಲಿ ಕಟ್ಟಿದ್ರೆ ಎಂಗೆ ಕಣಮ್ಮ?"

ಮುಂದಿನ ಭಾನುವಾರ ಸಂಜೆ, ರಿಪೇರಿಯಾದವುಗಳನ್ನು ತಾವೇ ತಂದರು. ಪಟ್ಟಿಗಳನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟು, ವೈರು ಜೋಡಿಸುವ ಕೆಲಸ ನನಗೇ ಬಿಟ್ಟರು. ಮುಗಿದ ಮೇಲೆ ಬೆನ್ನು ನೋಡಿ ತಲೆಯಾಡಿಸಿದರು.

ಕ್ಯಾಸೆಟ್ ಹಾಕಿದೆ. ಮಂದ್ರದ ತಂತಿ ನೆಲದಿಂದ ಎದ್ದು ಬಂತು. ಅದರ ಮೇಲೆ ಗಮಕದ ಒಂದೊಂದು ಎಳೆಯೂ ಬಿಡಿಯಾಗಿ ಕೇಳಿತು. ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಕುಳಿತಳು. ಮಂಡಿಯ ಮೇಲೆ ಅವಳ ಎಡಗೈ ಬೆರಳುಗಳು ಅಲ್ಲಾಡತೊಡಗಿದವು.

"ಇಲ್ಲಿ ಅವಸರ ಮಾಡ್ಬಿಟ್ಟಿದೀನಿ ಕಣೆ," ಎಂದಳು.

"ತಪ್ಪು ಕೇಳುಸ್ತಾ ಅಮ್ಮಾವ್ರೆ?" ಬಸವರಾಜಣ್ಣ ಸ್ಕ್ರೂಡ್ರೈವರ್ ಜೇಬಿಗಿಟ್ಟರು. "ಅಂಗಾದ್ರೆ ಸರಿಯಾಗಿ ಕೂತದೆ ಬುಡಿ."

ಅದೇ ಕೊನೆಯ ಭೇಟಿ. ಕೆಲವು ತಿಂಗಳ ಮೇಲೆ ಅವರು ಹೃದಯಾಘಾತದಿಂದ ತೀರಿಕೊಂಡರು. ಆ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಪಟ್ಟಿಗಳು ನನ್ನ ಮೇಜಿನ ಮೇಲಿವೆ.

ಆ ಭಾನುವಾರದ ಮರುದಿನ ಬೆಳಿಗ್ಗೆ ನಾನು ವೀಣೆಯ ಬಟ್ಟೆ ತೆಗೆದೆ. ಮೊದಲು ತಿರುಗಿಸಿ ಅದರ ಬೆನ್ನು ನೋಡಿದೆ. ಆಮೇಲೆ ಕಲಿಯಲು ಅಮ್ಮನ ಎದುರು ಕುಳಿತೆ.