ಹೊರಮಾವಿನ ಸೂಪರ್‌ಹೀರೋಗಳಿಗೆ ಕಥೆ ಬೇಕಿರಲಿಲ್ಲ

ಮಾಯವಾಗುವ ಶಕ್ತಿ ಇರುವ ಒಬ್ಬ ಮನುಷ್ಯ ಹೋದ ತಿಂಗಳು ಒಂದು ಭಾನುವಾರ ಮುಕ್ಕಾಲು ಗಂಟೆ ನನ್ನ ಕಣ್ಣೆದುರಿಗೇ ಇದ್ದ. ಒಂದೇ ಒಂದು ಸಲ ಕೂಡ ಮಾಯವಾಗಲಿಲ್ಲ.

ಪಕ್ಕದಲ್ಲಿ ಕೂತಿದ್ದವರನ್ನು ಕೇಳಿದೆ. 'ಅವನೀಗ ಕಾಣಿಸ್ತಾ ಇದ್ದಾನಾ, ಇಲ್ವಾ?'

'ನಮಗೆ ಕಾಣಿಸ್ತಾನೆ ಸರ್. ಸಿನಿಮಾದಲ್ಲಿರೋರಿಗೆ ಕಾಣಿಸಲ್ಲ.'

ಅಷ್ಟರಲ್ಲಿ ಸಿನಿಮಾದಲ್ಲಿದ್ದ ಹುಡುಗಿ ಅವನ ಭುಜ ತಟ್ಟಿ, 'ಊಟ ಆಯ್ತಾ ಮಗಾ?' ಅಂದುಬಿಟ್ಟಳು.

ಪಕ್ಕದವರು ಗಂಭೀರವಾಗಿ ಮೊಬೈಲ್ ನೋಡತೊಡಗಿದರು.

ಇದು ನಡೆದದ್ದು ಹೊರಮಾವಿನ ಒಂದು ಫಂಕ್ಷನ್ ಹಾಲಿನಲ್ಲಿ, ಮಟಮಟ ಮಧ್ಯಾಹ್ನ. ಬೆಂಗಳೂರಿನ ಬೇರೆ ಬೇರೆ ಏರಿಯಾದ ಗೆಳೆಯರು ಸೇರಿ ಸೂಪರ್‌ಹೀರೋ ಸಿನಿಮಾ ತೆಗೆದಿದ್ದರು. ಒಬ್ಬ ಹೀರೋ ಸಾಲದು ಅಂತ ಮೂವರು. (ಈಗ ಸೂಪರ್‌ಹೀರೋಗಳು ಒಬ್ಬೊಬ್ಬರೇ ಓಡಾಡೋದನ್ನು ನಿಲ್ಲಿಸಿದ್ದಾರೆ. ಶೇರ್ ಆಟೋ ಥರ ಗುಂಪು ತುಂಬಿದ ಮೇಲೇ ಹೊರಡ್ತಾರೆ.)

ಡೈರೆಕ್ಟರ್ ಮಂಜು. ಹೊರಮಾವು ಹಳ್ಳಿಯಾಗಿದ್ದ ಕಾಲದಿಂದ ಇರುವ ಮನೆತನ. ಅವರ ತಾತ ರಾಗಿ ಬೆಳೆಯುತ್ತಿದ್ದ ಕಡೆ ಈಗ ಬಾಡಿಗೆ ಮನೆಗಳು ಬೆಳೆದಿವೆ. ಮೊದಲನೇ ಹೀರೋ ಕೂಡ ಮಂಜುನೇ. ಸಿನಿಮಾಕ್ಕೆ ದುಡ್ಡು ಹಾಕಿದ್ದು ಅವನ ಚಿಕ್ಕಪ್ಪ ಪಿಳ್ಳಪ್ಪ. ವಿಲನ್ ಪಾರ್ಟ್ ಮಾಡಿದ್ದೂ ಪಿಳ್ಳಪ್ಪನವರೇ.

ಕಥೆ ಮಾತ್ರ ರೇಣುಕಾಳದು. ಯಾದಗಿರಿ ಕಡೆಯವಳು, ನನ್ನ ಹೆಂಡತಿ ಸುಧಾ ಪಾಠ ಮಾಡುವ ಶಾಲೆಯಲ್ಲೇ ಕನ್ನಡ ಟೀಚರ್. ಕಟ್ಟಡದ ಕೆಲಸ ಹುಡುಕಿಕೊಂಡು ಬಂದ ಅಪ್ಪ ಅಮ್ಮನ ಜೊತೆ ಇರೋದು ಪಿಳ್ಳಪ್ಪನವರ ವಠಾರದ ಒಂದು ರೂಮಿನಲ್ಲಿ. ಅಂದರೆ ಪ್ರೊಡ್ಯೂಸರೇ ಮನೆ ಓನರ್. ಕಥೆಗಾರರಿಗೆ ಇದಕ್ಕಿಂತ ಅಪಾಯಕಾರಿ ಪರಿಸ್ಥಿತಿ ಇನ್ನೊಂದಿದೆಯಾ?

ಶೂಟಿಂಗಿಗೆ ಮುಂಚೆ ರೇಣುಕಾ ಇಂದಿರಾನಗರದ ನಮ್ಮ ಮನೆಗೆ ಬಂದು ಇಡೀ ಕಥೆ ಹೇಳಿದ್ದಳು. ಸುಧಾ ಚುರುಮುರಿ ಕಲಸುತ್ತಾ ಕೂತವಳು ಕಲಸುವುದನ್ನೇ ಮರೆತಳು. ಅಷ್ಟು ಚೆನ್ನಾಗಿತ್ತು. ಆ ಆಸೆಯಿಂದಲೇ ನಾವಿಬ್ಬರೂ ರಿಂಗ್ ರೋಡ್ ಟ್ರಾಫಿಕ್ಕಿನಲ್ಲಿ ಬೆಂದು ಹೊರಮಾವು ಮುಟ್ಟಿದ್ದು.

ತೆರೆಯ ಮೇಲೆ ಏನು ಬಂತು ಕೇಳಿ.

ಮಂಜುವಿನ ಪಾತ್ರದ ಹೆಸರು ಬಂಡೆ. ಅಪಾರ ಬಲ. ಆದರೆ ಹಿಂದೊಮ್ಮೆ ಅವನ ಏಟಿಗೆ ಜೀವದ ಗೆಳೆಯ ಸತ್ತಿದ್ದರಿಂದ ಇನ್ನು ಯಾರ ಮೇಲೂ ಕೈ ಎತ್ತಲ್ಲ ಅಂತ ಆಣೆ ಮಾಡಿರ್ತಾನೆ. ಆಣೆ ಮಾಡುವ ಸೀನಿನಲ್ಲಿ ಅಳುತ್ತಾನೆ. ಮುಂದಿನ ಸೀನಿನಲ್ಲಿ ಪಾನಿಪೂರಿ ಗಾಡಿ ಸುತ್ತ ನಿಂತವರನ್ನೆಲ್ಲ ಎತ್ತಿ ಒಗೆಯುತ್ತಾನೆ. ಪಾನಿಪೂರಿಯವನನ್ನೂ ಬಿಡಲ್ಲ.

ಎರಡನೆಯವಳು ಮಿಂಚು. ಮೈಯಲ್ಲಿ ಕರೆಂಟು, ಹಾಗಾಗಿ ನೀರು ಕಂಡರೆ ಜೀವಭಯ. ಈ ಪಾರ್ಟ್ ಮಾಡಿದ್ದು ಮರ್ಫಿ ಟೌನಿನ ಶೀಲಾ, ಜಿಮ್ ಟ್ರೇನರ್. ಶೀಲಾ ಒಳ್ಳೆ ಈಜುಗಾರ್ತಿ. ಅದು ವೇಸ್ಟ್ ಆಗಬಾರದಲ್ಲ? ಕ್ಲೈಮ್ಯಾಕ್ಸಿನಲ್ಲಿ ಮಿಂಚು ಡೈವ್ ಹೊಡೆದು ಈಜಿಯೇ ಈಜಿದಳು. ಕೆಳಗೆ 'ಹಲಸೂರು ಕೆರೆ' ಅಂತ ಅಕ್ಷರ ಬಂತು. ಹಿಂದೆ ನೀಲಿ ಟೈಲ್ಸು, 'ಟೋಪಿ ಕಡ್ಡಾಯ' ಅನ್ನುವ ಬೋರ್ಡು.

ಮೂರನೆಯವನು ನಮ್ಮ ಮಾಯಗಾರ, ಶಿವಾಜಿನಗರದ ಶಬ್ಬೀರ್. ಬೈಕ್ ಮೆಕ್ಯಾನಿಕ್, ಸಿನಿಮಾ ಹುಚ್ಚು. ಮಾಯ ಯಾಕಾಗಲಿಲ್ಲ ಅಂತ ಆಮೇಲೆ ಕೇಳಿದ್ದಕ್ಕೆ ಅವನ ಉತ್ತರ: 'ಸರ್, ಅಮ್ಮೀನ ಕರ್ಕೊಂಡ್ ಬಂದಿದ್ದೀನಿ. ಮಾಯ ಆದ್ರೆ ನಾನು ಆ್ಯಕ್ಟ್ ಮಾಡಿದೀನಿ ಅಂತ ಅವ್ರಿಗೆ ಹೆಂಗೆ ಗೊತ್ತಾಗ್ಬೇಕು?' ವಾದದಲ್ಲಿ ತಪ್ಪು ಹುಡುಕಿ ನೋಡೋಣ.

ಇನ್ನು ವಿಲನ್. ರೇಣುಕಾ ಬರೆದಿದ್ದು ಕೆರೆ ನುಂಗುವವನ ಪಾತ್ರ. ಪಿಳ್ಳಪ್ಪನವರು ಎರಡು ಕಂಡೀಷನ್ ಹಾಕಿದರಂತೆ. ಒಂದು, ಮನೆಯಲ್ಲಿ ಶುಭಕಾರ್ಯ ಇರೋದರಿಂದ ತಾವು ಸಾಯೋದಿಲ್ಲ. ಇನ್ನೊಂದು, ಕೆರೆ ವಿಷಯ ಸೂಕ್ಷ್ಮ, ತಾವು ಕೆರೆ ನುಂಗೋದಿಲ್ಲ. ಹಾಗಾಗಿ ಕೆರೆ ನುಂಗಲು ಆಕಾಶದಿಂದ ಹಸಿರು ಪ್ರಾಣಿಯೊಂದು ಬಂತು. ಮುಕ್ಕಾಲು ಸಿನಿಮಾ ಗಹಗಹಿಸಿ ನಕ್ಕ ಪಿಳ್ಳಪ್ಪನವರು ಒಂದು ತಾವರೆ ಹೂವು ನೋಡಿದ್ದೇ ತಡ, ಕಣ್ಣೊರೆಸಿಕೊಂಡು ಒಳ್ಳೆಯವರಾದರು. ಕೊನೆಗೆ ಮೂವರು ಹೀರೋಗಳೂ ಸೇರಿ ವಿಲನ್‌ಗೆ ಹಾರ ಹಾಕಿದರು!

ನಗಬೇಡಿ. ಕೋಟಿ ಕೋಟಿ ಸುರಿದು ತೆಗೆಯುವ ಟೀಮ್ ಸಿನಿಮಾಗಳಲ್ಲಿ ಇದಕ್ಕಿಂತ ಬೇರೇನು ನಡೆಯುತ್ತೆ? ಲೋಕಕ್ಕೇ ಬುದ್ಧಿವಂತನಾದ ವಿಜ್ಞಾನಿಗೆ ಇಂಟರ್ವಲ್ ಆದಮೇಲೆ ಬಾಗಿಲು ತೆಗೆಯೋಕೂ ಬರಲ್ಲ. ಸೈನ್ಯವನ್ನೇ ಸುಟ್ಟವಳು ಒಬ್ಬ ಮಾಮೂಲಿ ರೌಡಿ ಕೈಗೆ ಸಿಕ್ಕಿಬೀಳ್ತಾಳೆ, ಯಾಕೆಂದರೆ ಅವಳನ್ನು ಬಿಡಿಸೋಕೆ ಇನ್ನೊಬ್ಬನಿಗೆ ಚಾನ್ಸ್ ಬೇಕು. ಎಲ್ಲರಿಗೂ ಸಮನಾಗಿ ಒಂದೊಂದು ಫೈಟು, ಒಂದೊಂದು ಜೋಕು, ಒಂದೊಂದು ಕಣ್ಣೀರು. ಮದುವೆ ಮನೆಯಲ್ಲಿ ತಾಂಬೂಲ ಹಂಚಿದ ಹಾಗೆ. ಕಥೆ? ಅದು ಎಲೆ ಎತ್ತಿದ ಮೇಲೆ ಉಳಿದಿದ್ದರೆ ನೋಡೋಣ.

ಸಿನಿಮಾ ಮುಗಿಯಿತು. ಚಪ್ಪಾಳೆ ಜೋರಾಗಿಯೇ ಬಿತ್ತು (ನೆಂಟರೇ ಜಾಸ್ತಿ ಇದ್ದರು). ಪೇಪರಿಗೆ ಬರೆಯುವವನು ಅಂತ ಮಂಜು ಮೈಕ್ ತಂದು ನನ್ನ ಮುಂದೆ ಹಿಡಿದ. ನಾನು 'ಪ್ರಯತ್ನ ಚೆನ್ನಾಗಿದೆ' ಅಂದೆ. ಕನ್ನಡದಲ್ಲಿ ಇದಕ್ಕಿಂತ ಸುರಕ್ಷಿತವಾದ ವಾಕ್ಯ ಇನ್ನೂ ಹುಟ್ಟಿಲ್ಲ. ಸುಧಾ ನನ್ನ ತೊಡೆ ಚಿವುಟಿದಳು. ಯಾಕೆ ಅಂತ ಕೇಳುವ ಧೈರ್ಯ ಆಗಲಿಲ್ಲ.

'ಈಗ ನಮ್ಮ ಕಥೆಗಾರ್ತಿ!' ಅಂತ ಮಂಜು ಕೂಗಿದ.

ರೇಣುಕಾ ವೇದಿಕೆ ಹತ್ತಿದಳು. ಮೈಕ್ ಇಸಕೊಂಡಳು.

'ಎಲ್ಲಾರೂ ಬಾಳ ಕಷ್ಟಪಟ್ಟಾರ್ರಿ, ಖರೇ. ಆದ್ರ ಕಥಿ ನಂದು ಅಂತ ಹಾಕ್ಯಾರಲ್ಲ, ಇದು ನಂದಲ್ರಿ. ನಂದು ಯಾವುದು ಅಂತ ಹೇಳಿ ಇಳಿದುಬಿಡ್ತೀನಿ.'

ಮಂಜು ನಕ್ಕ. ಜೋಕು ಅಂದುಕೊಂಡ.

'ಮಾಯ ಆಗೋನು ಯಾಕ ಮಾಯ ಆಗ್ತಾನಂದ್ರ, ಅವನ್ನ ಯಾರೂ ನೋಡೇ ಇಲ್ರಿ. ಬಸ್ಸಿನ್ಯಾಗ ನಿಂತಿರ್ತಾನ, ಗೇಟಿನ್ಯಾಗ ನಿಂತಿರ್ತಾನ, ಜನ ತಿಕ್ಕಿಕೊಂಡು ಹೋಗ್ತಾರ. ಹಿಂಗ ಯಾರೂ ನೋಡದ ನೋಡದ ಒಂದಿನ ಆತ ಕಾಣಸೋದೇ ನಿಂತುಬಿಡ್ತದ. ಅದೇ ಅವನ ಶಕ್ತಿ. ಯಾರಾರ ಹೆಸರು ಹಿಡಿದು ಕರದ್ರ ಆ ಶಕ್ತಿ ಹೋಗ್ತದ. ಕೆರಿ ಮುಚ್ಚಲಿಕ್ಕೆ ಜೆಸಿಬಿ ಬರ್ತದ್ರಿ. ಬಂಡೆಗ ಒಂದು ಗುದ್ದು ಸಾಕು. ಆದ್ರ ಆಣಿ ಮಾಡ್ಯಾನಲ್ಲ? ಗುದ್ದಂಗಿಲ್ಲ. ಹಿಂದಿನಿಂದ ಹಗ್ಗ ಹಾಕಿ ಜಗ್ಗತಾನ, ಅಂಗೈ ಹರೀತದ, ಬಿಡಂಗಿಲ್ಲ. ಮಾಯಗಾರ ಜೆಸಿಬಿ ಮುಂದ ನಿಂತಾನ. ಆದ್ರ ಡ್ರೈವರಗ ಕಾಣಂಗಿಲ್ಲಲ್ರಿ! ಅದು ಅವನ ಮೈಮ್ಯಾಲೇ ಬರಲಿಕ್ಕತ್ತದ. ನೀರಿನ ಆ ಕಡಿ ಇರೋ ಮಿಂಚು ಒಬ್ಬಾಕಿಗೇ ಅವನ ಹೆಸರು ಗೊತ್ತು. ಅಂಜಿಕೊಂತನ ನೀರಿಗೆ ಇಳಿತಾಳ. ಎದಿ ಮಟ ಬಂದು ಅವನ ಹೆಸರು ಹಿಡಿದು ಕೂಗ್ತಾಳ. ಆತ ಕಾಣಸ್ತಾನ. ಜೆಸಿಬಿ ನಿಲ್ತದ. ಅವನ ಶಕ್ತಿ ಹೋತು, ಕೆರಿ ಉಳೀತು. ಇಷ್ಟ ರೀ ನನ್ನ ಕಥಿ.'

ಮೊದಲು ಬಾಯಿ ತೆರೆದದ್ದು ಶಬ್ಬೀರನ ಅಮ್ಮ. 'ಕ್ಯಾ ರೇ, ಇಷ್ಟು ಒಳ್ಳೇ ಪಾರ್ಟ್ ಬಿಟ್ಟು ಸುಮ್ನೆ ಮೂತಿ ತೋರಿಸ್ಕೊಂಡು ತಿರುಗ್ತಾ ಇದ್ದೆಯಾ?' ಶಬ್ಬೀರ್ ತಲೆ ತಗ್ಗಿಸಿದ. ಶೀಲಾ ಕಣ್ಣು ಒರೆಸಿಕೊಂಡಳು. ಆಗಷ್ಟೇ ತೆರೆ ಮೇಲೆ ಅತ್ತಿದ್ದಕ್ಕಿಂತ ಇದು ಎಷ್ಟೋ ಚೆನ್ನಾಗಿತ್ತು.

ಪಿಳ್ಳಪ್ಪನವರು ಎದ್ದು ನಿಂತರು. 'ಏನಮ್ಮಾ, ಕೆರೆ ಮುಚ್ಚೋನು ಅಂದ್ರೆ ಯಾರು? ಯಾರನ್ನ ನೋಡಿ ಬರ್ದೆ?'

'ಯಾರನ್ನೂ ನೋಡಿ ಬರ್ದಿಲ್ರಿ ಅಣ್ಣಾವ್ರ,' ಅಂದಳು ರೇಣುಕಾ. 'ಇಷ್ಟು ಮಂದಿ ಕುಂತಾರ. ನೀವೊಬ್ರೇ ಯಾಕ ಎದ್ರಿ?'

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅದು ಅಂಟುಜಾಡ್ಯದಂತೆ ಹರಡಿತು. ಪಿಳ್ಳಪ್ಪನವರ ಮುಖ ಕೆಂಪಾಯಿತು. 'ನಮ್ ಮನೇಲಿ ಬಾಡಿಗೆಗೆ ಇದ್ಕೊಂಡು...' ಅಂದವರು ವಾಕ್ಯ ಮುಗಿಸಲಿಲ್ಲ. ಮುಗಿಸುವ ಅಗತ್ಯವೂ ಇರಲಿಲ್ಲ. ಗೋಡೆ ಪಕ್ಕ ನಿಂತಿದ್ದ ರೇಣುಕಾಳ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗು ಬತ್ತಿಹೋಯಿತು.

ಆಗ ಎಲ್ಲರೂ ನೋಡಿದ್ದು ಮಂಜುವಿನ ಕಡೆ. ಏನಾದರೂ ಹೇಳ್ತಾನೆ ಅಂತ ನನಗೂ ಆಸೆ ಇತ್ತು. ಮುಕ್ಕಾಲು ಗಂಟೆ ಲೋಕ ಕಾಪಾಡಿದವನಲ್ಲವೇ? ಅವನು ಚಿಕ್ಕಪ್ಪನನ್ನು ನೋಡಿದ, ರೇಣುಕಾಳನ್ನು ನೋಡಿದ, ಮೈಕ್ ತಗೊಂಡ.

'ಊಟ ರೆಡಿ ಇದೆ' ಅಂದ.

ರೇಣುಕಾ ಉಣ್ಣಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ಸುಧಾ ಪಕ್ಕದಲ್ಲಿ ಕೂತು, 'ಹೇಳ್ಬಾರ್ದಿತ್ತು ಅನ್ನಿಸ್ತಿದೆಯಾ?' ಅಂತ ಕೇಳಿದಳು.

'ಅವ್ವಗ ರೂಮಿನ ಚಿಂತಿ ಹತ್ಯದ್ರಿ ಮೇಡಮ್. ನನಗ ಬ್ಯಾರೆ ಚಿಂತಿ. ನೀರಿಗೆ ಅಂಜೋ ಹುಡುಗಿ ಹಂಗ ಈಜೋದು ನೋಡಿದ್ರ, ಯಾರೋ ನಮ್ಮ ಮನಿ ಹುಡುಗಿನ್ನ ಎತ್ತಿಕೊಂಡು ಹೋಗಿ ಬ್ಯಾರೆ ಹುಡುಗಿನ್ನ ತಂದು ನಿಲ್ಲಿಸಿದಂಗ ಆತ್ರಿ. ಅದರ ಕೆಳಗ ನನ್ನ ಹೆಸರು.'

ಅಷ್ಟರಲ್ಲಿ ಶಬ್ಬೀರ್ ಎಲೆ ಬಿಟ್ಟು ಎದ್ದು ಬಂದ. 'ಅಕ್ಕಾ, ಕ್ಲೈಮ್ಯಾಕ್ಸ್ ಇನ್ನೊಂದ್ ಸಲ ತೆಗ್ಯೋಣ. ನಾನು ಮಾಯ ಆಗ್ತೀನಿ.' ಅವನು ಹೋಗಿ ಮಂಜುವನ್ನು ಕೇಳಿದರೆ, 'ಗುರು, ಎಲ್ರೂ ಚಪ್ಪಾಳೆ ಹೊಡೆದ್ರಲ್ಲ' ಅಂದನಂತೆ. ಅಲ್ಲಿಗೆ ಮುಗಿಯಿತು.

ಮುಂದಿನ ವಾರವೇ ಪಿಳ್ಳಪ್ಪನವರು ರೂಮಿಗೆ ಸುಣ್ಣ ಹೊಡೆಸಬೇಕು ಅಂದರು. (ಬೆಂಗಳೂರಿನಲ್ಲಿ ಬಾಡಿಗೆಗೆ ಇದ್ದವರಿಗೆ ಈ ಸುಣ್ಣದ ಅರ್ಥ ಬಿಡಿಸಿ ಹೇಳಬೇಕಿಲ್ಲ.) ಶೀಲಾ ಮರ್ಫಿ ಟೌನಿನಲ್ಲಿ ತಮ್ಮ ಮನೆ ಮೇಲಿನ ರೂಮು ಕೊಡಿಸಿದಳು. ಟೆಂಪೋ ತಂದು ಸಾಮಾನು ಏರಿಸಿದ್ದು ಶಬ್ಬೀರ್. ಹೊಸ ರೂಮಿನಲ್ಲಿ ಗಾಳಿ ಬೆಳಕು ಜಾಸ್ತಿ, ನೀರು ಕಡಿಮೆ. ರೇಣುಕಾಳ ಅವ್ವನಿಗೆ ಕೆಲಸದ ಜಾಗ ದೂರವಾಯಿತು, ಎರಡು ಬಸ್ ಬದಲಿಸಬೇಕು. ಸತ್ಯ ಹೇಳಿದ್ದು ಮಗಳು, ಬಸ್ಸಿನಲ್ಲಿ ನಿಂತು ಹೋಗೋದು ತಾಯಿ. ಯಾವ ಸಿನಿಮಾವೂ ಇದನ್ನು ತೋರಿಸೋದಿಲ್ಲ.

ಸಿನಿಮಾ ಈಗ ಇಂಟರ್‌ನೆಟ್ಟಿನಲ್ಲಿದೆ. ರೇಣುಕಾಳ ಹೆಸರು ತೆಗೆದಿದ್ದಾರೆ, ಅವಳು ಕೇಳಿದ್ದೂ ಅದನ್ನೇ. ಆ ಜಾಗದಲ್ಲಿ 'ಕಥೆ: ತಂಡ' ಅಂತಿದೆ.

ಮೊನ್ನೆ ಮಂಜು ಫೋನ್ ಮಾಡಿದ್ದ. 'ಸರ್, ಪಾರ್ಟ್ ಟೂ ಮಾಡ್ತಿದ್ದೀವಿ. ಈ ಸಲ ಐದು ಜನ ಹೀರೋಗಳು. ಕಥೆ ನೀವು ಕೊಡ್ತೀರಾ?'

'ರೇಣುಕಾನ ಕೇಳಪ್ಪಾ.'

'ಬೇಡ ಸರ್, ಅವ್ರು ತುಂಬಾ ನೆಗೆಟಿವ್. ಇಡೀ ಟೀಮ್ ಸ್ಪಿರಿಟ್ಟೇ ಹಾಳ್ಮಾಡ್ಬಿಟ್ರು' ಅಂದ. ದನಿಯಲ್ಲಿ ನಿಜವಾದ ನೋವಿತ್ತು.

ಫೋನ್ ಇಟ್ಟ ಮೇಲೂ ಅದನ್ನೇ ಯೋಚಿಸುತ್ತಿದ್ದೇನೆ. ಎಲ್ಲರೂ ಹೀರೋ ಆಗಲೇಬೇಕು ಅಂತ ಹಟ ಹಿಡಿದ ತಂಡದಲ್ಲಿ, ಕೊನೆಗೆ ವಿಲನ್ ಪಾರ್ಟು ಕಥೆ ಬರೆದವರಿಗೇ ಬರೋದಾ?