ದೊಡ್ಡಬಳ್ಳಾಪುರದಲ್ಲಿ ಜಯಕ್ಕನಿಗೊಂದು ಕೊಠಡಿ

೧೯೭೪ ಜುಲೈ ೮, ಸೋಮವಾರ, ಬೆಳಗ್ಗೆ ಆರೂಕಾಲು. ತ್ಯಾಮಗೊಂಡ್ಲಿನಲ್ಲಿ ಬಸ್ಸು ಹತ್ತಿದೆವು, ನಾನು ಮತ್ತು ನಮ್ಮ ದೊಡ್ಡಮ್ಮನ ಮಗಳು ಜಯಕ್ಕ. ಎಳವೆಯಲ್ಲೇ ಸಿಡುಬಿನಿಂದ ಅವಳ ಎರಡೂ ಕಣ್ಣು ಹೋಗಿವೆ. ಪಕ್ಕದ ಮನೆಯವರ ಮಗ್ಗದ ಬಳಿ ಕೂತು ಅಚ್ಚು ಕೆಚ್ಚುವುದನ್ನು ಕಲಿತಿದ್ದಾಳೆ. ಮಗ್ಗದ ಹಾಸು ಮುಗಿಯುತ್ತ ಬಂದಾಗ ಹಳೆಯ ಒಂದೊಂದು ಎಳೆಗೂ ಹೊಸ ಎಳೆ ಸೇರಿಸಿ ಬೆರಳಲ್ಲಿ ಹೊಸೆಯುವ ಕೆಲಸ ಅದು. ದೊಡ್ಡಬಳ್ಳಾಪುರದ ಮಗ್ಗದ ಯಜಮಾನರೊಬ್ಬರು, ಕರೆತಂದರೆ ನೋಡೋಣ ಎಂದು ಹೇಳಿಕಳಿಸಿದ್ದರು. ಆ ಕೆಲಸ ಸಿಕ್ಕದಿದ್ದರೆ ಅಣ್ಣನ ಮನೆಯಲ್ಲಿದ್ದು ಸೋಪಿಗೂ ಅತ್ತಿಗೆಯ ಮುಂದೆ ಕೈಯೊಡ್ಡುವ ಬಾಳು ತಪ್ಪುವುದಿಲ್ಲ.

ನೆಲಮಂಗಲದಲ್ಲಿ ಬಸ್ಸು ಬದಲಿಸಬೇಕಿತ್ತು. ಆಷಾಢದ ಗಾಳಿಗೆ ಕಣ್ಣಿಗೆಲ್ಲ ಮಣ್ಣು. ಒಂದು ಗಂಟೆಯಾದರೂ ಬಸ್ಸಿಲ್ಲ. ನಾನು ಏಳುವುದು, ರಸ್ತೆ ನೋಡುವುದು, ಮತ್ತೆ ಕೂರುವುದು.

"ಕೂತ್ಕೊಳೋ. ನೀನು ಎದ್ದೆ ಅಂತ ಬಸ್ಸೇನು ಬಂದ್ಬಿಡಲ್ಲ," ಎಂದಳು ಜಯಕ್ಕ.

ಬಸ್ಸು ಬಂದಾಗ ಅವಸರಕ್ಕೆ ಅವಳ ಕೈ ಹಿಡಿದು ಎಳೆದೆ. "ನಾನೇನು ಕುರೀನಾ? ತೋಳು ಕೊಡು, ನಾನೇ ಹಿಡ್ಕೋತೀನಿ." ತಲೆಗೆ ತೊಂಬತ್ತು ಪೈಸೆ ಕೊಟ್ಟು ನಿಂತೇ ಹೋದೆವು.

ಮಗ್ಗದ ಶೆಡ್ಡಿನಲ್ಲಿ ಅವಳನ್ನು ನೋಡಿದ ಯಜಮಾನರ ಮುಖ ಇಳಿಯಿತು. "ಇದೇನಪ್ಪಾ, ಪೂರ್ತಿ ಕಾಣಲ್ವಾ? ಸ್ವಲ್ಪ ಮಂಜು ಅನ್ಕೊಂಡಿದ್ದೆ. ಎಳೆ ತಪ್ಪಿದ್ರೆ ಸೀರೆ ಉದ್ದಕ್ಕೂ ಗೆರೆ ಬೀಳುತ್ತೆ."

"ಕೂರೋಕೆ ಜಾಗ ಕೊಡಿ ಸ್ವಾಮಿ, ಬೈಯೋದು ಆಮೇಲೆ ಬೈಯಿರಿ," ಎಂದಳು ಜಯಕ್ಕ.

ನಿಂತಿದ್ದ ಮಗ್ಗವೊಂದರ ಮುಂದೆ ಕೂತು, ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಂಡಳು. ನಾನು ಒಳಗೂ ಹೊರಗೂ ಓಡಾಡುತ್ತಲೇ ಇದ್ದೆ. ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಯಜಮಾನರು ಬಗ್ಗಿ ನೋಡಿದರು. ಒಡಲಿನ ಎಳೆಗಳೆಲ್ಲ ಸರಿಯಾಗಿದ್ದವು. ಅಂಚಿನಲ್ಲಿ ಮಾತ್ರ ಕೆಂಪಿಗೆ ಹಸಿರು ಸೇರಿಹೋಗಿತ್ತು. ಅವರು ತಲೆ ಅಲ್ಲಾಡಿಸಿದರು.

ಅಲ್ಲೇ ಬಹಳ ವರ್ಷಗಳಿಂದ ಅಚ್ಚು ಕೆಚ್ಚುತ್ತಿದ್ದ ಖತೀಜಾಬಿ ಪಕ್ಕದ ಮಗ್ಗದಿಂದ ಎದ್ದು ಬಂದರು. "ಅಂಚು ನಾನು ಮಾಡ್ತೀನಿ ಯಜಮಾನ್ರೇ, ಒಡಲು ಇವ್ಳು ಮಾಡ್ಲಿ. ನನ್ ಸೊಂಟಾನೂ ಉಳ್ಕೊಳ್ಳುತ್ತೆ."

ಯಜಮಾನರು ಗಡ್ಡ ಕೆರೆದುಕೊಂಡರು. "ಆಗ್ಲಿ. ಕೂಲೀಲಿ ಇಬ್ರಿಗೂ ಪಾಲು. ಆದ್ರೆ ಊರಲ್ಲೇ ಇರ್ಬೇಕು. ಯಾವ ಮಗ್ಗ ಯಾವಾಗ ನಿಲ್ಲುತ್ತೋ ಹೇಳಕ್ಕಾಗಲ್ಲ. ಗೌರಿ ಹಬ್ಬದವರೆಗೆ ಕಾಯ್ತೀನಿ."

"ನನ್ ಪಾಲು ನನ್ ಕೈಗೇ ಕೊಡ್ತೀರಾ?"

"ಇನ್ಯಾರ ಕೈಗೆ ಕೊಡ್ಲಮ್ಮ?"

"ನಮ್ಮಣ್ಣ ಬಂದು ಕೇಳ್ತಾನೆ."

"ಕೇಳ್ಕೊಳ್ಲಿ ಬಿಡು."

ಜಯಕ್ಕ ಜೋರಾಗಿ ನಕ್ಕಳು. ಹೋಟೆಲಿನಲ್ಲಿ ಇಬ್ಬರೂ ಎರಡೆರಡು ಇಡ್ಲಿ ತಿಂದು ಕೊಠಡಿ ಹುಡುಕಲು ಹೊರಟೆವು. ಖತೀಜಾಬಿಯವರದು ಒಂದೇ ಕೋಣೆ, ಅದರಲ್ಲಿ ಆರು ಜನ. ಬೀದಿ ಬೀದಿ ಸುತ್ತಿದೆವು. ಒಂಟಿ ಹೆಂಗಸಿಗೆ ಕೊಡುವುದಿಲ್ಲ ಎಂದರು ಕೆಲವರು. ಒಬ್ಬಾಕೆ ಬಾಗಿಲಲ್ಲೇ ನಿಂತು, ಜಯಕ್ಕ ಅಲ್ಲಿಲ್ಲವೇನೋ ಎಂಬಂತೆ, ನನ್ನನ್ನು ಕೇಳಿದರು: "ಕಣ್ಣು ಕಾಣ್ದವ್ರು ಒಲೆ ಹಚ್ಚಿ, ಮನೆಗೆ ಬೆಂಕಿ ಬಿದ್ರೆ ಯಾರಪ್ಪಾ ಜವಾಬ್ದಾರಿ?"

ಸಂಜೆ ಕಡೆಯ ಬಸ್ಸಿಗೆ ಹಿಂದಿರುಗಿದೆವು. ದಾರಿಯುದ್ದಕ್ಕೂ ಜಯಕ್ಕ ಸೆರಗಿನ ತುದಿಯನ್ನು ಹೊಸೆಯುತ್ತಲೇ ಇದ್ದಳು. ನನಗೂ ಕೂರಲಾಗಲಿಲ್ಲ, ಸೀಟಿದ್ದರೂ ಕಂಬಿ ಹಿಡಿದು ನಿಂತೆ.

ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳ ಹತ್ತಿರ ಸಣ್ಣ ಕೊಠಡಿಯೊಂದು ಯಾರಿಗಾದರೂ ಗೊತ್ತಿದ್ದರೆ ಗೌರಿ ಹಬ್ಬಕ್ಕೆ ಮೊದಲು ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಒಲೆಯ ಬಗ್ಗೆ ಅಂಜಬೇಡಿ. ಅಣ್ಣನ ಮನೆಯಲ್ಲಿ ದಿನವೂ ಒಲೆ ಹಚ್ಚಿ ಹತ್ತು ಜನಕ್ಕೆ ಬೇಯಿಸಿ ಹಾಕುತ್ತಿರುವವಳು ಅವಳೇ.