ಎರಡೇ ಸ್ವರ ಸಾಕು

ಎಪ್ಪತ್ತರ ದಶಕ. ಸಾಂತಾಕ್ರೂಜಿನ ಹೋಟೆಲೊಂದರ ಜಾಜ್ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದ ಪೀಟರಣ್ಣನ ಜಾಗಕ್ಕೆ ನನ್ನನ್ನು ಕರೆದಿದ್ದರು. ತಂತಿ ಒತ್ತುವ ಅವರ ಎಡಗೈಯ ನಾಲ್ಕು ಬೆರಳುಗಳಲ್ಲಿ ಎರಡು ಮರಗಟ್ಟಿದ್ದವು. ನನಗೆ ಹೇಳಿಕೊಡುವ ಕೆಲಸವನ್ನೂ ಲೀಡರ್ ಅವರಿಗೇ ಒಪ್ಪಿಸಿದ್ದ.

ನಾನು ಗಿಟಾರಿನ ಆರೂ ತಂತಿ ಒಟ್ಟಿಗೆ ಮೀಟಿ ಇಡೀ ಕಾರ್ಡ್ ನುಡಿಸಿದೆ.

“ಅಷ್ಟೆಲ್ಲ ಬೇಡ ಮಾರಾಯ,” ಅಂದರು ಪೀಟರಣ್ಣ. “ಕೆಳಗಿನ ಸ್ವರವನ್ನು ಬೇಸ್‌ನವ ನುಡಿಸ್ತಾನೆ. ಕಾರ್ಡಿನ ಸ್ವರಗಳಲ್ಲಿ ಮೂರನೆಯದು, ಏಳನೆಯದು ಮಾತ್ರ ಹಿಡಿ. ಎರಡೇ ಸಾಕು.”

ಹಾಗೇ ನುಡಿಸಿದೆ. ಜೊತೆಗೆ ನುಡಿಯುತ್ತಿದ್ದ ಪಿಯಾನೋಗೆ ಎಲ್ಲೂ ಅಡ್ಡ ಬರಲಿಲ್ಲ.

“ಪಕ್ಕಾ! ನಾಳೆಯಿಂದ ಬಾ,” ಅಂದ ಲೀಡರ್.

ಪೀಟರಣ್ಣ ಅವನತ್ತ ತಿರುಗಿದರು. “ಎರಡು ಸ್ವರಕ್ಕೆ ನನ್ನ ಉಳಿದ ಎರಡು ಬೆರಳು ಸಾಕಲ್ವಾ? ಒಮ್ಮೆ ನಾನು ನುಡಿಸೋದು ಕೇಳಿ ನೋಡು.”

ಲೀಡರ್ ತಲೆ ತಗ್ಗಿಸಿ ಹಾಳೆ ಜೋಡಿಸತೊಡಗಿದ. ಪೀಟರಣ್ಣ ನನ್ನ ಮುಖ ನೋಡಿದರು.

ಸಾಕು ಅನ್ನಬಹುದಿತ್ತು, ಅನ್ನಲಿಲ್ಲ. ಕೆಲಸ ಸಿಕ್ಕಿತೆಂದು ನಾನಿದ್ದ ಮಲಾಡಿನ ಚಾಳಿನಲ್ಲಿ ಬೆಳಿಗ್ಗೆಯೇ ಎಲ್ಲರಿಗೂ ಹೇಳಿಬಿಟ್ಟಿದ್ದೆ.